ನಗಿಸದ ನಾಟಕದ ಬೆಟ್ಟಮ್ಮ

ಚಿಕ್ಕಸ್ವಾಮಿ ಸ್ಟೇಜಿನ ಮೇಲೆ ಬಂದು ಸುಮ್ಮನೆ ಕೆಮ್ಮಿದರೂ ಜನ ನಗುತ್ತಿದ್ದರು. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಗಣಪತಿ ಕೂರಿಸಲಿ, ಎಲ್ಲಿ ಶಾಲೆಯ ವಾರ್ಷಿಕೋತ್ಸವ ಇರಲಿ, ಎಲ್ಲಿ ಹಾಲಿನ ಡೈರಿಗೆ ಹೊಸ ಕಟ್ಟಡ ಏಳಲಿ, 'ಕಾಮಿಡಿ ಚಿಕ್ಕಸ್ವಾಮಿ ನಾಟ್ಕ ಹಾಕ್ಸನ' ಅನ್ನುವುದು ರೂಢಿ. ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವನು. ಟಿಕೆಟ್ ಹರಿಯುತ್ತಾ ಕಂಡ ಮುಖಗಳನ್ನೆಲ್ಲ ನಾಟಕಕ್ಕೆ ಎಳೆದು ತಂದ. ಕೋಳಿಯನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು ಬರುವ ಮುದುಕಿ, ಸೀಟಿಗೆ ಟವೆಲ್ ಎಸೆದು ತಾನೇ ಬಸ್ಸು ತಪ್ಪಿಸಿಕೊಂಡ ಗೌಡ, ಹೀಗೆ. ಮೂವತ್ತೊಂದು ನಾಟಕ ಬರೆದು ಆಡಿಸಿದ, ಮೂವತ್ತೊಂದೂ ನಗಿಸುವಂಥವೇ.

ಅವನ ನಾಟಕಗಳನ್ನು ಸರಿಯಾಗಿ ನೋಡದೆ ಉಳಿದವಳು ಅವನ ಹೆಂಡತಿ ಬೆಟ್ಟಮ್ಮ. ನೋಡಬಾರದು ಅಂತೇನಲ್ಲ, ಪುರುಸೊತ್ತಿರಲಿಲ್ಲ. ಅವಳು ಹುಟ್ಟಿದ್ದು ನೀರಾವರಿ ಊರಾದ ಪಾಲಹಳ್ಳಿಯಲ್ಲಿ. ಹದಿನೆಂಟಕ್ಕೆ ಮದುವೆಯಾಗಿ ಬಂದದ್ದು ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯ, ಮಳೆಯನ್ನೇ ನಂಬಿದ ಬೆದ್ದಲ ಸೀಮೆಗೆ, ಮಲ್ಲೇನಕೊಪ್ಪಲಿಗೆ. ಗಂಡ ಬಸ್ಸಿನ ಮೇಲಿದ್ದರೆ ರಾಗಿ, ಹುರುಳಿ, ಎರಡು ಹಸು ಇವಳ ಪಾಲು. ಅದರ ಮೇಲೆ ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ. ಇಪ್ಪತ್ನಾಲ್ಕು ವರ್ಷದಿಂದ ಬೆಳಿಗ್ಗೆ ಒಂಬತ್ತೂವರೆಗೆ ಬೀಗ ತೆಗೆದು, ಕಸ ಗುಡಿಸಿ, ಮಕ್ಕಳಿಗೆ ಕಾಳು ಬೇಯಿಸಿ, ತಿಂಗಳಿಗೊಮ್ಮೆ ಒಂದೊಂದೇ ಮಗುವನ್ನು ಎತ್ತಿ ತಕ್ಕಡಿಗೆ ಕೂರಿಸಿ ತೂಕ ಹಾಕುವವಳು ಅವಳೇ. ಹಾಗಾಗಿ ಊರಲ್ಲಿ ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವುದು ಗಂಡು, ಯಾವುದು ಹೆಣ್ಣು ಎಂಬುದು ಅವಳಿಗೆ ಕೈಯ ನೆನಪು. ಎರಡು ವರ್ಷದ ಹಿಂದೆ ಒಂದು ತಿಂಗಳು ತೂಕ ಹಾಕಿದಾಗ ಹತ್ತೊಂಬತ್ತು ಗಂಡಾದವು, ಎಂಟು ಹೆಣ್ಣಾದವು. ಬರೆದುಕೊಳ್ಳುತ್ತಿದ್ದ ಅಂಗನವಾಡಿ ಟೀಚರು ಸಹನ ಪೆನ್ನು ಎತ್ತಿ ಇವಳ ಮುಖ ನೋಡಿದಳು, ಇವಳು ಅವಳ ಮುಖ ನೋಡಿದಳು. ಆಮೇಲೆ ಸಹನ ಲೆಕ್ಕ ಬರೆದು ಪುಸ್ತಕ ಮುಚ್ಚಿದಳು.

ಬೆಟ್ಟಮ್ಮನಿಗೆ ಮೂವರೂ ಹೆಣ್ಣುಮಕ್ಕಳು. ದೊಡ್ಡವಳು ಪ್ರಮೀಳಾ, ನಡುವಿನವಳು ಸ್ನೇಹ, ಇಬ್ಬರಿಗೂ ಮದುವೆಯಾಗಿದೆ. ಕೊನೆಯವಳು ರಮ್ಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಗಾಡಿ ಮೇಲೆ ಹಳ್ಳಿ ಹಳ್ಳಿ ತಿರುಗಿ ಹಸುಗಳಿಗೆ ಇಂಜೆಕ್ಷನ್ ಹಾಕುತ್ತಾಳೆ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ ತಾಯಿಗೆ ಹೇಳುತ್ತಿದ್ದಳು: "ಎಲ್ಲೋದ್ರೂ ಒಂದೇ ಮಾತು ಕಣವ್ವ. ಹೆಣ್ಗರ ಆಗೋ ಇಂಜೆಕ್ಷನ್ನೇ ಹಾಕು, ಹೋರಿಗರ ಬ್ಯಾಡ ಅಂತಾರೆ. ಕೊಟ್ಟಿಗೇಲಿ ಹೆಣ್ಣುಟ್ಟುದ್ರೆ ಗಿಣ್ಣು ಹಂಚ್ತಾರೆ. ಮನೇಲಿ ಹುಟ್ಟುದ್ರೆ ಬಾಗ್ಲು ಮುಂದ್ಮಾಡ್ಕತಾರೆ."

ಚಿಕ್ಕಸ್ವಾಮಿಯ ಮೂವತ್ತೊಂದನೆಯ ನಾಟಕ 'ಸೊಸೆ ಬೇಕಾಗವ್ಳೆ'. ಸೀಮೆಯಲ್ಲೆಲ್ಲ ಮೂವತ್ತು ದಾಟಿದ ಗಂಡುಗಳು ಹೆಣ್ಣು ಸಿಗದೆ ಓಡಾಡುವುದನ್ನೇ ಹಿಡಿದು ಬರೆದದ್ದು. ಹಲ್ಲು ಸೆಟ್ಟು ಕಟ್ಟಿಸಿಕೊಂಡ ಮದುವೆ ಗಂಡು, ಅವನನ್ನು ಜೋಳದ ಹೊಲಕ್ಕೆ ನಿಲ್ಲಿಸಿ ಫೋಟೋ ಹಿಡಿಯುವ ದಳ್ಳಾಳಿ, ನಗದೆ ಇರುವವನಿಗೆ ಬಹುಮಾನ ಇಡಬಹುದಿತ್ತು. ನಾಲ್ಕು ತಾಲ್ಲೂಕಿನಲ್ಲಿ ಹತ್ತೊಂಬತ್ತು ಪ್ರದರ್ಶನ ಕಂಡಿತು. ಮದುವೆ ಗಂಡಿನ ಪಾತ್ರ ಮಾಡಿದವನು ಅಪ್ಪು. ಚಿಕ್ಕಸ್ವಾಮಿಯ ತಮ್ಮನ ಮಗ, ಅವನಿಗೂ ನಿಜವಾಗಿಯೇ ಒಂದು ವರ್ಷದಿಂದ ಹೆಣ್ಣು ಹುಡುಕುತ್ತಿದ್ದರು. ದಳ್ಳಾಳಿಯ ಪಾತ್ರ ನಿಂಗರಾಜು ಎಂಬ ಹಳೇ ನಟನದು.

ಊರ ಡೈರಿ ಕಟ್ಟಡದ ಉದ್ಘಾಟನೆಗೆ ಅದೇ ನಾಟಕ. ಮನೆಮುಂದೆಯೇ ಆಡುತ್ತಿದ್ದರಿಂದ ಅವತ್ತು ಬೆಟ್ಟಮ್ಮನೂ ರಮ್ಯನ ಜೊತೆ ಹೋಗಿ ಚಾಪೆ ಮೇಲೆ ಕೂತಳು. ಎರಡನೇ ಅಂಕದಲ್ಲಿ ನಿಂಗರಾಜು ಕೊಡೆ ಬೀಸುತ್ತಾ ಮುಂದೆ ಬಂದು, "ಈ ಸೀಮೇಲಿ ಮೂರ್ ಹೆಣ್ಣೆತ್ತಿರೋ ಅಮಾಯಕ ಒಬ್ನೇ ಅವ್ನೆ ಕಣ್ರಪ್ಪಾ, ಕಂಡಕ್ಟ್ರು ಚಿಕ್ಕಸ್ವಾಮಿ. ಅವ್ನ್ ಮನೆ ಮುಂದೆ ಕ್ಯೂ ನಿಂತ್ಕಳಿ" ಅಂದ. ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಬೆಟ್ಟಮ್ಮನ ತೊಡೆ ತಟ್ಟಿ ನಕ್ಕಳು. ರಮ್ಯ ಎದ್ದು ಹೋದದ್ದನ್ನು ಬೆಟ್ಟಮ್ಮ ನೋಡಿದಳು.

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಚಿಕ್ಕಸ್ವಾಮಿಗೆ ಹಿಂದಿನ ದಿನದ ಸಂತೋಷ ಇಳಿದಿರಲಿಲ್ಲ. ಯಾವ ಮಾತಿಗೆ ಎಷ್ಟು ನಗು ಬಂತು ಅಂತ ಒಂದೊಂದೇ ಹೇಳುತ್ತಿದ್ದ. ಬೆಟ್ಟಮ್ಮ ಕೈ ನಿಲ್ಲಿಸದೆ ಕೇಳಿದಳು:

"ಹೆಣ್ಣು ಸಿಗಾಕಿಲ್ಲ ಅಂತ ಮೂರ್ ಗಂಟೆ ನಗಿಸ್ತೀರಲ್ಲ, ಹೆಣ್ಣೆಲ್ಲಾ ಎಲ್ಲೋದೋ ಅಂತ ನಿಮ್ ನಾಟ್ಕದಾಗೆ ಒಬ್ರಾದ್ರೂ ಕೇಳ್ತಾರಾ?"

"ಅದು ಕಾಮಿಡಿ ಕಣಮ್ಮಿ. ಅದ್ರಲ್ಲಿ ಅವೆಲ್ಲಾ ಎಲ್ ತರಾನ?"

"ರಮ್ಯನೂ ಹುಟ್ತಿರ್ನಿಲ್ಲ. ಅದು ಗೊತ್ತಾ ನಿಮ್ಗೆ?"

ಚಿಕ್ಕಸ್ವಾಮಿಗೆ ಅರ್ಥವಾಗಲಿಲ್ಲ. ಬೆಟ್ಟಮ್ಮ ಇಪ್ಪತ್ತೇಳು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವರೆಕಾಯಿ ಬಿಡಿಸುತ್ತಲೇ ಹೇಳಿದಳು.

ಸ್ನೇಹ ಹುಟ್ಟಿದ ಮೇಲೆ ಬೆಟ್ಟಮ್ಮ ಮತ್ತೆ ಬಸುರಾಗಿದ್ದಳು. ಅದೇ ಹೊತ್ತಿಗೆ ಅವಳ ವಾರಗಿತ್ತಿ ಯಶೋದಮ್ಮನೂ ಬಸುರಿ. ಅವಳಿಗಾಗಲೇ ಒಂದು ಹೆಣ್ಣಿತ್ತು, ಅಪ್ಪು ಇನ್ನೂ ಹುಟ್ಟಿರಲಿಲ್ಲ. ಚಿಕ್ಕಸ್ವಾಮಿ ಧರ್ಮಸ್ಥಳದ ರೂಟಿನಲ್ಲಿದ್ದ, ಎರಡು ದಿನ ಮನೆಗೆ ಬರುವವನಲ್ಲ. ಅತ್ತೆ ಚಿಕ್ಕಬೋರಮ್ಮ ಸೊಸೆಯರಿಬ್ಬರನ್ನೂ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿಸಿದಳು. 'ಡಾಕ್ಟ್ರು ತಾವ ತೋರ್ಸ್ಕಂಡು ಬರಾನ' ಅಂದಳು ಅಷ್ಟೆ. ಇಳಿದದ್ದು ಒಂದು ಊರಾಚೆ, ಕಬ್ಬಿನ ಗದ್ದೆಯ ನಡುವಿನ ಮನೆ. ಬೋರ್ಡಿಲ್ಲ. ಒಳಗೆ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೊರಗಿನ ಕೋಣೆಯಲ್ಲಿ ಒಬ್ಬ ಹೊಟ್ಟೆ ಮೇಲೆ ಮಿಷಿನ್ ಆಡಿಸಿ ನೋಡಿದ. ಇಬ್ಬರದೂ ಹೆಣ್ಣು ಅಂದ. ಒಳಗೆ ಇನ್ನೊಂದು ಕೋಣೆಯಿತ್ತು, ಹಸಿರು ಬಣ್ಣದ ಬಾಗಿಲು. ಆಗ ಅತ್ತೆ ಹೇಳಿದಳು, "ದೊಡ್ಡೋಳು ಮೊದ್ಲು ಹೋಗ್ಲಿ."

"ಬಾಗ್ಲ ಗಂಟ ಹೋದೆ," ಅಂದಳು ಬೆಟ್ಟಮ್ಮ. "ಒಳಗಿಂದ ಫಿನಾಯ್ಲು ವಾಸ್ನೆ ಬತ್ತಾ ಇತ್ತು. ಒಂದ್ಕೆ ಹೋಗ್ಬತ್ತೀನಿ ಅಂದೆ. ಹಿತ್ಲಿಗೆ ಹೋದೋಳು ಅಂಗೇ ಕಬ್ಬಿನ ಗದ್ದೆಗೆ ನುಗ್ಗಿ ನಾಲೆ ಏರಿ ಹತ್ತಿದೆ. ಕಂಡಕ್ಟ್ರ ಹೆಂಡ್ತಿ, ಬಸ್ ಚಾರ್ಜಿಗೂ ಕೈಲಿ ಕಾಸಿರ್ನಿಲ್ಲ. ಶ್ರೀರಂಗಪಟ್ಟಣದ ತಾವ ಒಂದ್ ಕಬ್ಬಿನ ಗಾಡಿ ಸಿಕ್ತು. ಮದ್ಯಾನ ಕಳ್ದು ಪಾಲಹಳ್ಳಿ ಸೇರ್ಕಂಡೆ."

ಪಾಲಹಳ್ಳಿಯಲ್ಲಿ ಅವಳ ಅಪ್ಪ ರಂಗಸ್ವಾಮಿ ಮಗಳ ಕೆಸರು ಮೆತ್ತಿದ ಕಾಲು ನೋಡಿ ಏನೂ ಕೇಳದೆ, 'ಮಗೀಗೆ ಉಣ್ಣಾಕಿಕ್ಕು' ಅಂತ ಹೆಂಡತಿಗೆ ಹೇಳಿದ. ಮೂರು ದಿನಕ್ಕೆ ಚಿಕ್ಕಬೋರಮ್ಮ ಕರೆಯಲು ಬಂದಾಗ ಅಂಗಳದಲ್ಲೇ ನಿಲ್ಲಿಸಿ, 'ಹೆರಿಗೆ ಆಗ್ಲಿ, ಕಳಿಸ್ತೀನಿ. ಏನೇ ಹುಟ್ಲಿ, ಜೊತೇಲಿ ಕಳಿಸ್ತೀನಿ' ಅಂದ. ಚಿಕ್ಕಸ್ವಾಮಿಗೆ ಮನೆಯಲ್ಲಿ ಹೇಳಿದ್ದು, ಸುಸ್ತು ಅಂತ ತವರಿಗೆ ಹೋಗಿದ್ದಾಳೆ ಅಂತ. ಅವನು ಅದನ್ನೇ ನಂಬಿಕೊಂಡಿದ್ದ.

"ನಮ್ಮವ್ವ ಇಂಗ್ ಮಾಡುದ್ಲಾ?" ಅಂದ ಚಿಕ್ಕಸ್ವಾಮಿ. ಚಿಕ್ಕಬೋರಮ್ಮ ತೀರಿಕೊಂಡು ಎಂಟು ವರ್ಷವಾಗಿತ್ತು.

"ನಿಮ್ಮವ್ವನ ಬೈಬ್ಯಾಡಿ. ಅವಳ್ಗೂ ಯಾರೋ ಯೋಳಿದ್ರು. ನಾನು ಯೋಳ್ತಿರೋದು ಅದಲ್ಲ. ನಾನು ಹಿತ್ಲಿಗೆ ಹೋದ್ನಲ್ಲ, ಯಶೋದಾ ಬೆಂಚಿನ್ ಮೇಲೆ ಕುಂತಿದ್ಲು. 'ಬಾ' ಅಂತ ಒಂದ್ ಮಾತು ಅನ್ನಲಿಲ್ಲ ನಾನು. ನಾನು ಇಲ್ದೆ ಹೋದ್ಮೇಲೆ ಅವಳ್ನ ಮೊದ್ಲು ಕಳಿಸುದ್ರು."

ಚಿಕ್ಕಸ್ವಾಮಿ ಆ ದಿನವೆಲ್ಲ ಮನೆಯಲ್ಲಿ ಯಾರಿಗೂ ಸಿಗಲಿಲ್ಲ. ಬೋರ್‌ವೆಲ್ ಹತ್ತಿರ ಹೋಗಿ ಕೂತಿದ್ದ ಅಂತ ಆಮೇಲೆ ರಮ್ಯ ಹೇಳಿದಳು. ಒಂದು ವಾರ ಬಿಟ್ಟು ಹಳೇ ಡೈರಿ ಪುಸ್ತಕವೊಂದನ್ನು ತಂದು ಬೆಟ್ಟಮ್ಮನ ಮುಂದಿಟ್ಟ. ಬರೆದ ಅಕ್ಷರಗಳು ಸಾಲು ತಪ್ಪಿದ್ದವು. "ಓದ್ತೀನಿ, ಕೇಳ್ತೀಯಾ?" ಅಂದ. ಮೂವತ್ತೊಂದು ನಾಟಕದಲ್ಲಿ ಒಂದನ್ನೂ ಅವನು ಆಡುವ ಮೊದಲು ಹೆಂಡತಿಗೆ ಓದಿದವನಲ್ಲ.

ಬೆಟ್ಟಮ್ಮ ಪೂರ್ತಿ ಕೇಳಿದಳು. ನಡುನಡುವೆ ಅವನಿಗೆ ಗೊತ್ತಿಲ್ಲದೆಯೇ ನಗೆ ಬಂದು ಸೇರಿಕೊಂಡಿತ್ತು. ಬೆಂಚಿನ ಮೇಲೆ ಕೂತ ಹೆಂಗಸೊಬ್ಬಳು ಗೊರಕೆ ಹೊಡೆಯುವುದು, ಮಿಷಿನ್ನಿನವನು ತೊದಲುವುದು. "ಇದು ಬ್ಯಾಡ. ಇದೂ ಬ್ಯಾಡ. ಅಲ್ಲಿ ಯಾರೂ ನಿದ್ದೆ ಮಾಡ್ಲಿಲ್ಲ," ಅಂದಳು. ಅವನು ಹೊಡೆದುಹಾಕಿದ. ಹೆಸರು ಅವಳ ಮಾತಿನದೇ ಇಟ್ಟಿದ್ದ, 'ಬಾಗ್ಲ ಗಂಟ'. ಬಾಗಿಲ ತನಕ ಅಂತ.

"ಯಶೋದನ್ನ ಕೇಳ್ದೆ ಇದ್ನ ಆಡ್ಕೂಡ್ದು," ಅಂದಳು ಬೆಟ್ಟಮ್ಮ.

ಕೇಳಲು ಅವಳೇ ಹೋದಳು. ಯಶೋದಮ್ಮ ಕೊಟ್ಟಿಗೆಯಲ್ಲಿ ಹಸುವಿಗೆ ಹಿಂಡಿ ಕಲೆಸುತ್ತಿದ್ದಳು. ಒಂದೇ ಊರು, ಬೇರೆಯಾದ ಮೇಲೂ ಪಕ್ಕದ ಬೀದಿ, ಹಬ್ಬಕ್ಕೆ ಹರಿದಿನಕ್ಕೆ ಒಟ್ಟಿಗೇ ಇದ್ದವರು. ಆದರೆ ಆ ದಿನದ ಮಾತು ಇಬ್ಬರ ನಡುವೆ ಬಂದೇ ಇರಲಿಲ್ಲ. ಬೆಟ್ಟಮ್ಮ ವಿಷಯ ಹೇಳಿದಳು. ಯಶೋದಮ್ಮ ಹಿಂಡಿ ಕಲೆಸುತ್ತಲೇ ಇದ್ದಳು, ಕಲೆಸಿ ಮುಗಿದಿದ್ದರೂ ಕಲೆಸುತ್ತಿದ್ದಳು.

"ಅಪ್ಪೂಗೆ ಗೊತ್ತಿಲ್ಲ ಕಣಕ್ಕ."

"ನಿನ್ ಹೆಸ್ರು ಎಲ್ಲೂ ಬರಾಕಿಲ್ಲ. ಬ್ಯಾಡ ಅಂದ್ರೆ ಆ ಪುಸ್ತಕನ ಒಲೆಗಾಕ್ತೀನಿ."

ಯಶೋದಮ್ಮ ಕೈ ತೊಳೆದುಕೊಂಡು ಬಂದು ಎದುರಿಗೆ ನಿಂತಳು. "ಆಡಿ. ಒಂದೇ ಮಾತು. ಒಳಕ್ಕೋದೋಳ್ನ ಕೆಟ್ಟೋಳು ಮಾಡ್ಬ್ಯಾಡಿ. ನಂಗೆ ಆಗ ಇಪ್ಪತ್ತೊಂದು ವರ್ಸ. ತವ್ರಲ್ಲಿ ಅಪ್ಪ ಇರ್ನಿಲ್ಲ, ಓಡೋಗಾಕೆ ನಂಗೊಂದು ಪಾಲಹಳ್ಳಿ ಇರ್ನಿಲ್ಲ."

ತಾಲೀಮು ಶುರುವಾದದ್ದು ಮಾರ್ಚಿನಲ್ಲಿ, ಶಾಲೆಯ ವರಾಂಡದಲ್ಲಿ, ಸಂಜೆ ಮಕ್ಕಳು ಮನೆಗೆ ಹೋದ ಮೇಲೆ. ಚಿಕ್ಕಸ್ವಾಮಿ ಮರಳಿ ಬಂದವಳ ಪಾತ್ರವನ್ನು ಹೆಂಡತಿಗೇ ಬರೆದಿದ್ದ. ಹಳ್ಳಿಯ ನಾಟಕಕ್ಕೆ ಹೆಣ್ಣು ಪಾತ್ರಗಳನ್ನು ಊರಾಚೆಯಿಂದ ಕರೆಸುವುದು ಪದ್ಧತಿ. ತನ್ನ ಹೆಂಡತಿಯನ್ನೇ ಸ್ಟೇಜ್ ಹತ್ತಿಸುವುದು ಅವನಿಗೂ ಹೊಸದು. ಅವಳು ಒಪ್ಪಿದಳು. ಆದರೆ ಮೊದಲ ದಿನವೇ ಹೇಳಿದಳು:

"ವಾಪಸ್ ಬಂದೋಳ್ನ ಸಹನ ಮಾಡ್ಲಿ. ನಾನು ಒಳಕ್ಕೋಗೋಳ್ನ ಮಾಡ್ತೀನಿ."

"ಅದು ನಿನ್ ಕತೆ ಕಣಮ್ಮಿ. ನಿಂಗೇ ಅಂತ ಬರ್ದಿವ್ನಿ."

"ನನ್ ಕತೆ ನಂಗೆ ಗೊತ್ತು. ಅವತ್ತು ನಾನು ತಿರುಗಿ ನೋಡ್ಲಿಲ್ಲ. ಈಗಾದ್ರೂ ಅವ್ಳ್ ಜೊತೆ ಒಳಕ್ಕೆ ಹೋಯ್ತೀನಿ."

ಚಿಕ್ಕಸ್ವಾಮಿ ಪುಸ್ತಕದಲ್ಲಿ ಪಾತ್ರದ ಹೆಸರುಗಳನ್ನು ಅದಲು ಬದಲು ಮಾಡಿದ. ಟೀಚರು ಸಹನಳಿಗೆ ಸ್ಟೇಜ್ ಹೊಸದಲ್ಲ, ಕಾಲೇಜಿನಲ್ಲಿ ಆಡಿದ್ದಳು, ಒಪ್ಪಿಕೊಂಡಳು. ಅತ್ತೆಯ ಪಾತ್ರಕ್ಕೆ ನಾಗಮಂಗಲದಿಂದ ಒಬ್ಬರು ಹಳೇ ನಟಿ ಬಂದರು.

ತಕರಾರು ತೆಗೆದವನು ನಿಂಗರಾಜು. ಅವನಿಗೆ ಮಿಷಿನ್ನಿನವನ ಪಾತ್ರ. ಮೂರನೆಯ ದಿನ ಪುಸ್ತಕ ಮಡಚಿ, "ಚಿಕ್ಕಣ್ಣ, ಬೇಜಾರ್ ಮಾಡ್ಕಬ್ಯಾಡ," ಅಂದ. "ಸೀರಿಯಸ್ ನಾಟ್ಕ ಅಂದ್ಮೇಲೆ ಗ್ರಂಥದ ಮಾತಿರ್ಬೇಕು. ಕುರುಕ್ಷೇತ್ರ ನೋಡಿಲ್ವಾ? ನಮ್ ಮಾತಲ್ಲಿ ಅತ್ರೆ ಜನ ನಗ್ತಾರೆ ಕಣಣ್ಣ. ಸಿನ್ಮಾದೋರು ಟೀವಿಯೋರು ನಮ್ ಮಾತ್ನ ಯಾವಾಗ್ಲೂ ನಗ್ಸಾಕೇ ಇಟ್ಕಂಡವ್ರೆ."

ಅದು ಸುಳ್ಳಲ್ಲ. ಚಿಕ್ಕಸ್ವಾಮಿಯೇ ಮೂವತ್ತೊಂದು ನಾಟಕದಲ್ಲಿ ಈ ಮಾತನ್ನು ಹಾಗೇ ಇಟ್ಟುಕೊಂಡಿದ್ದ. ಕಂಬಕ್ಕೆ ಒರಗಿದ್ದ ಬೆಟ್ಟಮ್ಮ ಕೇಳಿದಳು, "ನಿಂಗ್ರಾಜಣ್ಣ, ನಿಮ್ಮವ್ವ ತೀರ್ಕಂಡಾಗ ನೀನು ಯಾವ ಗ್ರಂಥದ ಮಾತಲ್ಲಿ ಅತ್ತೆ?"

ನಿಂಗರಾಜು ಪುಸ್ತಕ ಬಿಚ್ಚಿ ತನ್ನ ಮಾತು ಮುಂದುವರಿಸಿದ.

ಮೊದಲ ಪ್ರದರ್ಶನ ಪಾಂಡವಪುರದಲ್ಲಿ. ಸಂಜೆ ಐದಕ್ಕೇ ಮೈದಾನ ತುಂಬಿತ್ತು. ಬ್ಯಾನರಿನಲ್ಲಿ 'ಕಾಮಿಡಿ ಚಿಕ್ಕಸ್ವಾಮಿ' ಅಂತ ದೊಡ್ಡದಾಗಿ ಬರೆಸಿದ್ದರು, ನಾಟಕದ ಹೆಸರು ಕೆಳಗೆ ಸಣ್ಣದಾಗಿತ್ತು. ಪರದೆ ಎದ್ದಾಗ ಇಬ್ಬರು ಬಸುರಿ ಹೆಂಗಸರು ಬಸ್ಸಿಗೆ ಕಾಯುತ್ತಿದ್ದಾರೆ. ಅಷ್ಟಕ್ಕೇ ಜನ ನಕ್ಕರು. ಸಹನ 'ಯಾಕೋ ಹೊಟ್ಟೆ ತೊಳುಸ್ತದೆ ಕಣೇ' ಅಂದರೆ ನಗು. ಅತ್ತೆ ಬೈದರೆ ನಗು. ನಕ್ಕು ನಕ್ಕು, ನಗುವುದಕ್ಕೆ ಏನೂ ಇಲ್ಲ ಅಂತ ತಿಳಿಯುತ್ತಾ ಬಂದ ಹಾಗೆ ಜನಕ್ಕೆ ಕಸಿವಿಸಿಯಾಯಿತು. ಮೋಸ ಹೋದವರಂತೆ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಯಾರೋ 'ಕಾಮಿಡಿ ಹಾಕ್ರಪ್ಪೋ' ಅಂತ ಕೂಗಿದರು. ಕುರ್ಚಿಗಳು ಸರಿಯುವ ಸದ್ದು. ಬೆಟ್ಟಮ್ಮ ಹಸಿರು ಬಾಗಿಲಿನ ಮುಂದೆ ನಿಲ್ಲುವ ಹೊತ್ತಿಗೆ ಅರ್ಧ ಮೈದಾನ ಖಾಲಿ. ಉಳಿದವರಲ್ಲಿ ಒಬ್ಬ ಗಂಡಸು ಫೋನ್ ನೋಡುತ್ತಿದ್ದದ್ದು ಅವಳಿಗೆ ಕಾಣಿಸಿತು. ಆದರೂ ಒಂದು ಮಾತು ಬಿಡದೆ ಆಡಿ ಮುಗಿಸಿದಳು.

ನಾಗಮಂಗಲದಲ್ಲಿ ಇನ್ನೂ ಕಷ್ಟ. ಅರ್ಧಕ್ಕೆ ನಿಲ್ಲಿಸಿ 'ಸೊಸೆ ಬೇಕಾಗವ್ಳೆ'ಯ ಎರಡು ದೃಶ್ಯವಾದರೂ ಆಡಿ ಅಂತ ಕರೆಸಿದವರೇ ಬಂದು ಕೇಳಿಕೊಂಡರು. ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯೊಂದರವರು ಮೊದಲೇ ಸುದ್ದಿ ತಿಳಿದು, "ಅಂಥಾದ್ದು ನಮ್ ಕಡೆ ಇಲ್ಲ ಬುಡಿ, ಸುಮ್ನೆ ಊರಿನ ಮರ್ವಾದೆ ಯಾಕೆ" ಅಂತ ಫೋನಿನಲ್ಲೇ ಬೇಡ ಅಂದರು.

ಚಿಕ್ಕಸ್ವಾಮಿ ಮತ್ತೆ ಹಳೇ ನಾಟಕಕ್ಕೇ ಮರಳಿದ. ಕರೆಯುವವರು ಅದನ್ನೇ ಕರೆಯುತ್ತಿದ್ದರು. ಮೂರು ಹೆಣ್ಣು ಹೆತ್ತ ಕಂಡಕ್ಟರಿನ ಮಾತನ್ನು ಮಾತ್ರ ತೆಗೆದುಹಾಕಿದ. ಒಂದು ದಿನ ಊಟಕ್ಕೆ ಕೂತಾಗ ರಮ್ಯ, "ಅಪ್ಪ, ಆ ನಾಟ್ಕ ಇನ್ನ ಆಡಾಕಿಲ್ವಾ?" ಅಂದಳು. ಅವನು ತಟ್ಟೆ ನೋಡುತ್ತಾ, "ಯಾರೂ ಕರೀದಿದ್ರೂ ಅದೇ ಕಣವ್ವ ನನ್ ನಾಟ್ಕ," ಅಂದ. "ಮಿಕ್ಕಿದ್ದೆಲ್ಲಾ ಬಸ್ಸಲ್ಲಿ ಸಿಕ್ಕಿದ್ದು. ಇದೊಂದು ಮನೇಲಿ ಸಿಕ್ಕಿದ್ದು."

ಬೆಟ್ಟಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅವನು ಬೇಡ ಅನ್ನಲಿಲ್ಲ.

ಐದು ತಿಂಗಳಾದ ಮೇಲೆ ಸಹನ ಒಂದು ಸುದ್ದಿ ತಂದಳು. ಕೆ.ಆರ್. ಪೇಟೆಯಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಸಭೆಯಿತ್ತು. ಮಧ್ಯಾಹ್ನ ಊಟದ ಮೇಲೆ ಒಂದು ಗಂಟೆ ಖಾಲಿ. "ನಾವು ಆಡ್ತೀವಿ ಅಂತ ಹೇಳ್ಬಿಟ್ಟಿದೀನಿ ಬೆಟ್ಟಮ್ಮಾರೆ," ಅಂದಳು. ಸೀನರಿ ಇಲ್ಲ, ಲೈಟಿಲ್ಲ. ಸಭಾಂಗಣದ ಪಕ್ಕದ ಬಾಗಿಲನ್ನೇ ಹಸಿರು ಬಾಗಿಲು ಅಂತ ಮಾಡಿಕೊಳ್ಳುವುದು, ಎರಡು ಬೆಂಚು ಸಾಕು.

ಅಪ್ಪು ತನ್ನ ಗೂಡ್ಸ್ ಆಟೋದಲ್ಲಿ ಎಲ್ಲರನ್ನೂ ಕರೆದುಕೊಂಡು ಹೋಗಲು ಬಂದ. ಅವನ ಪಕ್ಕದ ಸೀಟಿನಲ್ಲಿ ಯಶೋದಮ್ಮ ಕೂತಿದ್ದಳು, ಸೀರೆಯ ನೆರಿಗೆ ಸರಿಮಾಡಿಕೊಂಡು. "ನಾನೂ ನೋಡ್ತೀನಿ ಅಕ್ಕ," ಅಂದಳು. ಮೊದಲೆರಡು ಸಲ ಅವಳು ಬಂದಿರಲಿಲ್ಲ.

ಇನ್ನೂರು ಹೆಂಗಸರು. ಊಟ ಮಾಡಿ ಕೂತಿದ್ದರು, ಕೆಲವರಿಗೆ ತೂಕಡಿಕೆ. ಚಿಕ್ಕಸ್ವಾಮಿಯ ಹೆಸರು ಹೇಳಿದ ಕೂಡಲೇ ಇಲ್ಲೂ ನಗು ಎದ್ದಿತು. ಮೊದಲ ಐದು ನಿಮಿಷ ಪಾಂಡವಪುರದ ಹಾಗೇ ಹೋಯಿತು. ಬೆಂಚಿನ ದೃಶ್ಯ ಬಂತು. ಹೆಂಗಸರು ಸಾಲಾಗಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಲ್ಲಿಗೆ ನಗು ನಿಂತುಹೋಯಿತು. ಯಾರೂ 'ಶ್' ಅನ್ನಲಿಲ್ಲ, ತಾನಾಗಿಯೇ ನಿಂತಿತು. ಆ ಬೆಂಚನ್ನು ಅಲ್ಲಿ ಕೂತವರಲ್ಲಿ ಎಷ್ಟೋ ಜನ ನೋಡಿರಬೇಕು.

ಸಹನ ಹಿತ್ತಲಿಗೆ ಹೋಗುತ್ತೇನೆಂದು ಹೋದಳು, ಬರಲಿಲ್ಲ. ಅತ್ತೆಯ ಪಾತ್ರದವರು ಎರಡು ಸಲ ಕರೆದರು. ಆಮೇಲೆ ಬೆಟ್ಟಮ್ಮನ ಕಡೆ ತಿರುಗಿ, "ನೀನೇ ಏಳವ್ವ" ಅಂದರು. ಬೆಟ್ಟಮ್ಮ ಎದ್ದಳು. ಬಾಗಿಲ ಹತ್ತಿರ ಹೋದವಳು ನಿಂತು ಬಗ್ಗಿ ಚಪ್ಪಲಿ ಕಳಚಿ, ಗೋಡೆ ಪಕ್ಕ ಜೋಡಿಸಿಟ್ಟಳು. ದೇವಸ್ಥಾನದ ಮುಂದೆ ಇಡುವ ಹಾಗೆ, ಒಂದಕ್ಕೊಂದು ಸರಿಯಾಗಿ. ಪುಸ್ತಕದಲ್ಲಿ ಅದು ಇರಲಿಲ್ಲ, ತಾಲೀಮಿನಲ್ಲೂ ಮಾಡಿರಲಿಲ್ಲ. ಇಪ್ಪತ್ತೇಳು ವರ್ಷದ ಹಿಂದೆ ಬಾಗಿಲಿಂದ ಹಿತ್ತಲ ಕಡೆ ಹೊರಟ ದಿನ ಅವಳು ಕಡೆಯದಾಗಿ ಕಂಡದ್ದು ಯಶೋದಮ್ಮನ ಬರಿಗಾಲು. ಡಾಕ್ಟರ ಮನೆಯಲ್ಲವೇ ಅಂತ ಆ ಹುಡುಗಿ ಚಪ್ಪಲಿಯನ್ನು ಮೊದಲೇ ಹೊರಗೆ ಬಿಟ್ಟು ಬಂದಿದ್ದಳು. ಬೆಟ್ಟಮ್ಮ ಚಪ್ಪಲಿ ಇಟ್ಟು ಸೆರಗು ಸರಿಮಾಡಿಕೊಂಡು, "ಅತ್ತೆ, ನಾನು ಬರೋಗಂಟ ಇಲ್ಲೇ ಇರ್ತೀರಾ?" ಅಂದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಂಡಿತು.

ಬಾಗಿಲ ಹಿಂದೆ ಕತ್ತಲಲ್ಲಿ ನಿಂತ ಬೆಟ್ಟಮ್ಮನಿಗೆ ಹೊರಗಿನದು ಏನೂ ಕೇಳಿಸಲಿಲ್ಲ. ಇನ್ನೂರು ಜನ ಕೂತ ಕಡೆಯಿಂದ ಒಂದು ಬಳೆಯ ಸದ್ದೂ ಇಲ್ಲ. ಎಲ್ಲರೂ ಎದ್ದು ಹೋದರೇನೋ ಅಂತ ಅವಳಿಗೆ ಅನುಮಾನ ಬಂತು. ಸಂದಿಯಿಂದ ನೋಡಿದಳು. ಯಾರೂ ಹೋಗಿರಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲೇ ಇದ್ದವು. ಗೋಡೆ ಪಕ್ಕ ನಿಂತಿದ್ದ ಚಿಕ್ಕಸ್ವಾಮಿ, ಸ್ಟೇಜಿನ ಮೇಲೆ ಯಾವತ್ತೂ ಕೈ ಕಾಲು ಒಂದು ಕಡೆ ನಿಲ್ಲದ ಮನುಷ್ಯ, ಕೈಕಟ್ಟಿಕೊಂಡು ಕಂಬದಂತೆ ನಿಂತಿದ್ದ. ತನ್ನ ಮೂವತ್ತೈದು ವರ್ಷದ ಸಂಸಾರದಲ್ಲಿ ಬೆಟ್ಟಮ್ಮನಿಗೆ ಅಂಥ ಹೆಮ್ಮೆ ಆಗಿದ್ದು, ಅವಳ ಲೆಕ್ಕದಲ್ಲಿ, ಎರಡೇ ಸಲ. ಮೊದಲನೆಯದು ರಮ್ಯನನ್ನು ಎತ್ತಿಕೊಂಡು ಪಾಲಹಳ್ಳಿಯಿಂದ ಬಂದು ಗಂಡನ ಮನೆಯ ಹೊಸ್ತಿಲು ದಾಟಿದ ದಿನ.

ನಾಟಕ ಮುಗಿದ ಮೇಲೆ ಚಪ್ಪಾಳೆ ತಡವಾಗಿ ಬಂತು, ಬಂದದ್ದು ನಿಲ್ಲಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ಬೆಟ್ಟಮ್ಮನ ಕೈ ಅದುಮಿ ಹೋದರು. ಕಡೆಯಲ್ಲಿ ಯಶೋದಮ್ಮ ಬಂದಳು.

"ಚೆನ್ನಾಗ್ ಮಾಡ್ದೆ ಅಕ್ಕ. ಆದ್ರೆ ನಾನು ಏನೂ ಕೇಳಿರ್ನಿಲ್ಲ ಅತ್ತೇನ. ಬಾಯೇ ಬರ್ನಿಲ್ಲ ಅವತ್ತು."

"ಗೊತ್ತು ಕಣೇ. ನಾನೇ ಕೇಳ್ದೆ, ನಿನ್ ಪರವಾಗಿ."

ವಾಪಸ್ ಬರುವಾಗ ಯಶೋದಮ್ಮ ಮುಂದೆ ಮಗನ ಪಕ್ಕ ಕೂರಲಿಲ್ಲ. ಹಿಂದೆ ಬೆಂಚುಗಳ ನಡುವೆ ಬೆಟ್ಟಮ್ಮನ ಜೊತೆ ಕೂತು, ಇಪ್ಪತ್ತೇಳು ವರ್ಷದ ಮಾತನ್ನು ಕೆ.ಆರ್. ಪೇಟೆಯಿಂದ ಮಲ್ಲೇನಕೊಪ್ಪಲಿನವರೆಗೆ ಆಡಿದಳು. ಮೇಲುಕೋಟೆ ಬೆಟ್ಟ ಕಾಣುವಲ್ಲಿ ಒಂದು ಸಲ ಇಬ್ಬರೂ ನಕ್ಕರಂತೆ, ಯಾವುದಕ್ಕೆ ಅಂತ ರಮ್ಯ ಎಷ್ಟು ಕೇಳಿದರೂ ಹೇಳಲಿಲ್ಲ. ಒಂದು ವಾರದ ಮೇಲೆ ಯಶೋದಮ್ಮ ಅಪ್ಪುವನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಅವನು ತಾಯಿಗೆ ಏನಂದನೋ ಬೆಟ್ಟಮ್ಮ ಕೇಳಲಿಲ್ಲ. ಮುಂದಿನ ಪ್ರದರ್ಶನಕ್ಕೆ ಬೆಂಚು ಹೊತ್ತವನು, ಬಾಗಿಲು ಮುಚ್ಚಿದವನು ಅವನೇ.

ಹೌದು, ಮುಂದಿನ ಪ್ರದರ್ಶನಗಳಾದವು. ಆ ಸಭೆಗೆ ಬಂದ ಹೆಂಗಸರು ತಮ್ಮ ತಮ್ಮ ಊರಿಗೆ ಕರೆದರು. ಸ್ವಸಹಾಯ ಸಂಘದ ಸಭೆ, ಕಾಲೇಜಿನ ಹಾಲು, ಒಂದು ಸಲ ಆಸ್ಪತ್ರೆಯ ಅಂಗಳ. ಒಟ್ಟು ಹನ್ನೊಂದು. ಯಾವ ಗಣಪತಿ ಪೆಂಡಾಲಿಗೂ ಅದು ಹೋಗಲಿಲ್ಲ, ಪತ್ರಿಕೆಯಲ್ಲೂ ಬರಲಿಲ್ಲ. 'ಸೊಸೆ ಬೇಕಾಗವ್ಳೆ' ಅಷ್ಟರಲ್ಲಿ ನಲವತ್ತು ದಾಟಿತ್ತು.

ಹೋದ ನವೆಂಬರಿನಲ್ಲಿ ಪಾಂಡವಪುರದ ಒಂದು ಕಲಾ ಸಂಘದವರು ಚಿಕ್ಕಸ್ವಾಮಿಗೆ ಸನ್ಮಾನ ಇಟ್ಟುಕೊಂಡರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಬೆಟ್ಟಮ್ಮ ಮೂರನೆಯ ಸಾಲಿನಲ್ಲಿ ಕೂತಿದ್ದಳು, ಆ ಕಡೆ ರಮ್ಯ, ಈ ಕಡೆ ಯಶೋದಮ್ಮ. ನಿರೂಪಕ ಬಿನ್ನವತ್ತಳೆ ಓದಿದ. ಮೂವತ್ತೊಂದು ನಾಟಕಗಳ ಹೆಸರೂ ಒಂದಾದ ಮೇಲೊಂದು ಬಂದವು, ಒಂದೊಂದಕ್ಕೂ ಜನ ನೆನೆಸಿಕೊಂಡು ನಕ್ಕರು. ಪಟ್ಟಿ ಮುಗಿಯಿತು. ಚಿಕ್ಕಸ್ವಾಮಿ ಪೇಟ ತಲೆಯ ಮೇಲಿದ್ದ ಹಾಗೇ ಎದ್ದು ಮೈಕಿನ ಹತ್ತಿರ ಬಂದ.

"ಒಂದು ಬಿಟ್ಟೋಗದೆ. ಬರ್ಕಳಿ ಸಾಮಿ."

ನಿರೂಪಕ ಜೇಬಿನಿಂದ ಪೆನ್ನು ತೆಗೆದು, ಚೌಕಟ್ಟು ಹಾಕಿದ ಬಿನ್ನವತ್ತಳೆಯನ್ನು ಬಿಟ್ಟು ತನ್ನ ಕೈಯಲ್ಲಿದ್ದ ಹಾಳೆಯ ಮೇಲೆ ಬರೆದುಕೊಂಡ. ಬರೆದು ಮೈಕಿನಲ್ಲಿ ಓದಿದ, "ಮೂವತ್ತೆರಡನೆಯ ನಾಟಕ, ಬಾಗಿಲ ಗಂಟೆ."

ಸಭೆ ಗೊಳ್ಳೆಂದು ನಕ್ಕಿತು. ಚಿಕ್ಕಸ್ವಾಮಿ ನಗಲಿಲ್ಲ. ಆ ನಗು ಪೂರ್ತಿ ಇಳಿಯುವವರೆಗೆ ಕಾದ. ಕಾಮಿಡಿ ಚಿಕ್ಕಸ್ವಾಮಿ ಸ್ಟೇಜಿನ ಮೇಲೆ ಸುಮ್ಮನೆ ನಿಂತದ್ದನ್ನು ಜನ ನೋಡಿಯೇ ಇರಲಿಲ್ಲ, ಹಾಗಾಗಿ ಅವರೂ ಸುಮ್ಮನಾದರು.

"ಗಂಟೆ ಅಲ್ಲ. 'ಬಾಗ್ಲ ಗಂಟ'. ನಮ್ ಕಡೆ ಮಾತು. ಅದ್ರ ಕತೆ ಕೊಟ್ಟೋಳು, ಅದ್ರಲ್ಲಿ ಆಡ್ದೋಳು ಬೆಟ್ಟಮ್ಮ ಅಂತ. ಮೂರ್ನೇ ಸಾಲಲ್ಲಿ ಕುಂತವ್ಳೆ. ನಾನು ಆಡ್ಸಿದ್ ನಾಟ್ಕದಲ್ಲಿ ಅದು ಮೊದಲ್ನೇದು ಅಂತ ಬರ್ಕಳಿ, ಮೂವತ್ತೆರಡ್ನೇದು ಅಂತ ಬ್ಯಾಡ."

ಜನ ತಿರುಗಿ ನೋಡಿದರು. ಬೆಟ್ಟಮ್ಮ ತಲೆ ತಗ್ಗಿಸಲಿಲ್ಲ. ಅಂಗನವಾಡಿಯಲ್ಲಿ ಸಾಹೇಬರು ತಪಾಸಣೆಗೆ ಬಂದಾಗ ನಿಲ್ಲುವ ಹಾಗೆ ಬೆನ್ನು ನೇರ ಮಾಡಿ ಕೂತಳು. ರಮ್ಯ ಅವಳ ಕೈ ಹಿಡಿದು ಅದುಮಿದಳು.

ಹಿಂದಿನ ಸಾಲಿನ ಹೆಂಗಸೊಬ್ಬಳು ಮುಂದೆ ಬಾಗಿ, "ನಾವು ಆ ನಾಟ್ಕ ನೋಡೇ ಇಲ್ವಲ್ಲವ್ವ, ಏನು ಕತೆ ಅದು?" ಅಂತ ಕೇಳಿದಳು.

ಬೆಟ್ಟಮ್ಮ ಬಾಯಿ ತೆರೆಯುವ ಮೊದಲೇ ಯಶೋದಮ್ಮ ಹಿಂದಕ್ಕೆ ತಿರುಗಿ ಕೂತಿದ್ದಳು. "ವಾರಗಿತ್ತೇರಿಬ್ರ ಕತೆ," ಅಂದಳು ಎಲ್ಲರಿಗೂ ಕೇಳುವ ಹಾಗೆ. "ಒಬ್ಳು ಇವ್ಳು, ಇನ್ನೊಬ್ಳು ನಾನು. ಕಾರ್ಯಕ್ರಮ ಮುಗೀಲಿ, ಯೋಳ್ತೀನಿ ಇರು."